ಇದು ಕಾರಣವಲ್ಲ

ಮಾರ್ಚ್ 10, 2020, ಮಂಗಳವಾರ

ಇವತ್ತು ನಾನು ಸೊನ್ನೆ ಬರೆದೆ. ಬರೆದ ಮೇಲೆ ಒಂದು ಗಳಿಗೆ ಪೆನ್ಸಿಲ್ ಹಿಡಿದು ಹಾಗೇ ಕೂತಿದ್ದೆ.

ಠಾಣೆಯಲ್ಲಿ ನನ್ನ ಕೆಲಸ ಅಪರಾಧಗಳನ್ನು ಎಣಿಸುವುದು. ಕಳ್ಳರನ್ನು ಹಿಡಿಯುವವರು ಬೇರೆ. ಸಿಕ್ಕಿದ್ದನ್ನೂ ಸಿಗದೆ ಹೋದದ್ದನ್ನೂ ಹನ್ನೆರಡು ಕಾಲಂಗಳ ಹಾಳೆಯಲ್ಲಿ ತುಂಬುವವಳು ನಾನು. ಚೀಲ ಕಿತ್ತುಕೊಂಡು ಓಡಿದ್ದು, ಮನೆಗಳವು, ಕಾರು ಕಳವು, ಹೊಡೆದಾಟ, ಹೀಗೆ ಶುರುವಾಗಿ ಕಟ್ಟಕಡೆಯ ಕಾಲಂ ಮನೆಯೊಳಗಿನ ಹಿಂಸೆ. ತಾರಾಂತೊದಂಥ ಬಂದರಿನ ಊರಿನಲ್ಲಿ ಮೊದಲ ಕಾಲಂ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಖಾಲಿ ಬಿದ್ದದ್ದಿಲ್ಲ. ಕ್ರಿಸ್ಮಸ್ ದಿನವೂ ಇಲ್ಲ. ನಿನ್ನೆ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು, ಇವತ್ತು ಸೊನ್ನೆ.

ಎದುರು ಮೇಜಿನ ಎಜಿದಿಯೊ ಹಾಳೆಯನ್ನು ಇಣುಕಿ ನೋಡಿ ನಕ್ಕ. "ಈ ವೈರಸ್ಸಿಗೇ ಇನ್‌ಸ್ಪೆಕ್ಟರ್ ಕೆಲಸ ಕೊಡ್ಬೇಕು ರೊಸಾಂಜೆಲಾ ಅವ್ರೇ. ನಮ್ಮಿಂದ ಆಗದ್ದನ್ನ ಒಂದೇ ದಿನದಲ್ಲಿ ಮಾಡ್ತು" ಅಂದ. ನನಗೆ ನಗು ಬರಲಿಲ್ಲ. ಮನೆಗೆ ಬರುವಾಗ ಸೇತುವೆಯ ಮೇಲೆ ನನ್ನ ಹೆಜ್ಜೆಯ ಸದ್ದು ನನಗೇ ಕೇಳಿ ಬೆಚ್ಚಿದೆ.

ಮಾರ್ಚ್ 13, ಶುಕ್ರವಾರ

ಸಂಜೆ ಆರಕ್ಕೆ ಬೀದಿಗೆ ಬೀದಿಯೇ ಬಾಲ್ಕನಿಗೆ ಬಂದು ಪಾತ್ರೆ ಬಡಿಯಿತು. ನಾನೂ ಒಂದು ಮುಚ್ಚಳ ಹಿಡಿದು ಬಡಿದೆ. ಐವತ್ತೆಂಟು ವರ್ಷದ ಹೆಂಗಸು, ನೆನೆಸಿಕೊಂಡರೆ ನಾಚಿಕೆಯಾಗುತ್ತದೆ, ಆದರೆ ಕಣ್ಣಲ್ಲಿ ನೀರು ಬಂದದ್ದು ನಿಜ.

ಇದಕ್ಕೆಲ್ಲ ಮುಂದಾಳು ನಾಲ್ಕನೇ ಮಹಡಿಯ ಕತಾಲ್ದೊ. ಕ್ಷೌರದಂಗಡಿ ಮುಚ್ಚಿ ಕೂತಿದ್ದಾನೆ. ಅಂಗಡಿಯ ದೊಡ್ಡ ಸ್ಪೀಕರನ್ನು ಬಾಲ್ಕನಿಗೆ ತಂದಿಟ್ಟು ಹಾಡು ಹಾಕಿದ. ಊರಿನ ಸಂತನ ಹೆಸರಿಟ್ಟುಕೊಂಡವನು, ಮಾತು ಬೆಣ್ಣೆ, ಬೀದಿಯ ಮುದುಕಿಯರಿಗೆಲ್ಲ ಅಚ್ಚುಮೆಚ್ಚು. ಹೆಂಡತಿ ಡೊನಾಟಾ ಹಿಂದೆ ಬಾಗಿಲ ಬಳಿ ನಿಂತಿದ್ದಳು. ಆಕೆ ಪಾತ್ರೆ ಹಿಡಿದಿರಲಿಲ್ಲ. ಕೆಲವರಿಗೆ ಇಂಥದ್ದರಲ್ಲಿ ಬೆರೆಯಲು ಬರುವುದಿಲ್ಲ.

ಮಾರ್ಚ್ 17, ಮಂಗಳವಾರ

ಈಗ ಮನೆಯಿಂದ ಹೊರಗೆ ಕಾಲಿಡಬೇಕಾದರೆ ಘೋಷಣಾ ಪತ್ರ ಬೇಕು. ಎಲ್ಲಿಂದ, ಎಲ್ಲಿಗೆ, ಯಾಕೆ; ಕೆಳಗೆ ಸಹಿ. ಕೆಲಸ, ಅಗತ್ಯ, ಆರೋಗ್ಯ, ಇವುಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ನಾಲಿಗೆಯಲ್ಲಿ ಹೇಳಿದರೆ ಪೊಲೀಸರು ಕೇಳುವುದಿಲ್ಲ, ಕಾಗದದಲ್ಲಿ ಇರಬೇಕು. ಒಂದು ವಾರದೊಳಗೆ ಪತ್ರದ ನಮೂನೆಯೇ ಬದಲಾಗಿ ಹೋಯಿತು, ಹಳೆಯದನ್ನು ತುಂಬಿದವರು ಮತ್ತೆ ತುಂಬಬೇಕು.

ನಮ್ಮ ಕಟ್ಟಡದಲ್ಲಿ ಯಾರ ಮನೆಯಲ್ಲೂ ಪ್ರಿಂಟರ್ ಇಲ್ಲ. ಸಾಹೇಬರನ್ನು ಕೇಳಿ ಠಾಣೆಯಿಂದ ಒಂದು ಕಟ್ಟು ತಂದೆ. ಯಾರಾದರೂ ತುಂಬಿ ತೋರಿಸಿದರೆ ನನ್ನ ಕೆಂಪು ಪೆನ್ಸಿಲಿನಿಂದ ತಿದ್ದಿ ಕೊಡುತ್ತೇನೆ. ಜನಕ್ಕೆ ನೆಟ್ಟಗೆ ಒಂದು ಸಾಲು ಬರೆಯಲು ಬರುವುದಿಲ್ಲ. ಒಂದನೇ ಮಹಡಿಯ ಅಜ್ಜ "ಕಾರಣ" ಎಂಬಲ್ಲಿ "ಸಿಗರೇಟು" ಎಂದು ಬರೆದಿದ್ದ.

ಡೊನಾಟಾಗೂ ಒಂದು ಬೇಕಂತೆ. ಅವಳು ಪೇಟೆಗೆ ಇಳಿಯುವವಳಲ್ಲ. ದಿನಾ ಬೆಳಿಗ್ಗೆ ಹಗ್ಗಕ್ಕೆ ಬುಟ್ಟಿ ಕಟ್ಟಿ ಬಾಲ್ಕನಿಯಿಂದ ಇಳಿಬಿಡುತ್ತಾಳೆ, ಕೆಳಗಿನ ಅಂಗಡಿಯವನು ರೊಟ್ಟಿ ಇಡುತ್ತಾನೆ, ಎಳೆದುಕೊಳ್ಳುತ್ತಾಳೆ. ಮೂರನೇ ಮಹಡಿಯವರು ಮಿಲಾನಿನಲ್ಲಿ ಸಿಕ್ಕಿಬಿದ್ದಿರುವುದರಿಂದ ಬುಟ್ಟಿ ಮೊದಲು ಹಾಯುವುದು ಎರಡನೇ ಮಹಡಿಯ ನನ್ನ ಅಡುಗೆಮನೆಯ ಕಿಟಕಿಯನ್ನೇ. ಎರಡೆಳೆತಕ್ಕೊಮ್ಮೆ ನಿಲ್ಲಿಸಿ, ಉಸಿರು ತಗೊಂಡು ಎಳೆಯುತ್ತಾಳೆ. ನೋಡದೆಯೂ ಅವಳ ಕೈ ಎಂದು ಗೊತ್ತಾಗುತ್ತದೆ. ಹಾಯುವಾಗ ಒಂದು ಪತ್ರ ಹಾಕಿದೆ.

ಮಾರ್ಚ್ 23, ಸೋಮವಾರ

ಮನೆಗಳವು ಸೊನ್ನೆ. ಕಾರು ಕಳವು ಸೊನ್ನೆ. ಹತ್ತು ವರ್ಷದಿಂದ ಸ್ಕೂಟರಿನಲ್ಲಿ ಬಂದು ಚೀಲ ಎಳೆಯುವ ಒಬ್ಬ ಹಳೆ ಗಿರಾಕಿ ಠಾಣೆಗೆ ಫೋನ್ ಮಾಡಿದ್ದ. ಹೊರಗೆ ಹೋದರೆ ತನ್ನನ್ನು ಹಿಡಿಯುತ್ತಾರೆಯೇ ಎಂದು ಕೇಳಿದನಂತೆ. ಎಜಿದಿಯೊ ಅವನಿಗೆ "ಪತ್ರದಲ್ಲಿ 'ಕೆಲಸ' ಅನ್ನೋದಕ್ಕೆ ಗುರುತು ಹಾಕ್ಕೊಂಡು ಬಾರಪ್ಪಾ" ಎಂದನಂತೆ. ಎಲ್ಲರೂ ನಕ್ಕೆವು. ನನಗೀಗ ಠಾಣೆಯಲ್ಲಿ ಹೊಸ ಹೆಸರು ಬಿದ್ದಿದೆ, ಸೊನ್ನೆ ರಾಣಿ.

ನಿಜಕ್ಕೂ ದಂಗಾದದ್ದು ಕೊನೆಯ ಕಾಲಂ ನೋಡಿ. ಹೋದ ವರ್ಷ ಇದೇ ಎರಡು ವಾರದಲ್ಲಿ ಒಂಬತ್ತು ದೂರು ಬಂದಿದ್ದವು. ಈ ಸಲ ಎರಡು. ಎಲ್ಲ ಗಂಡಂದಿರೂ ಮನೆಯಲ್ಲೇ ಇದ್ದಾರೆ, ಆದರೂ ಎರಡೇ! ಸಾಹೇಬರು ವರದಿಗೆ ಒಂದು ಒಳ್ಳೆಯ ಸಾಲು ಬೇಕು ಎಂದರು. "ಮನೆಗಳಲ್ಲಿ ಶಾಂತಿ ನೆಲೆಸಿದೆ" ಎಂದು ಬರೆದುಕೊಟ್ಟೆ. ಪತ್ರಿಕೆಯವರು ಅದನ್ನೇ ತಲೆಬರಹ ಮಾಡಿದ್ದಾರೆ. ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಡೊನಾಟಾ ಮತ್ತೆ ಪತ್ರ ಕೇಳಿದಳು. ಇದು ಐದನೆಯದು. ಹೋದದ್ದೆಲ್ಲ ಏನಾಯಿತು ಎಂದೆ. ಬಾಲ್ಕನಿಯ ಕಂಬಿಯಿಂದ ಬಗ್ಗಿ, "ಹರಿದ್ಹೋಯ್ತು ಸಿನ್ಯೋರಾ" ಅಂದಳು, ದನಿ ತಗ್ಗಿಸಿ. ಕಾಗದ ಬಿಟ್ಟಿ ಬರುವುದಿಲ್ಲ ಎಂದು ಸ್ವಲ್ಪ ಗದರಿಸಿಯೇ ಕೊಟ್ಟೆ. ಒಂದು ದಿನವೂ ಹೊಸ್ತಿಲು ದಾಟದವಳಿಗೆ ಇಷ್ಟು ಪತ್ರ ಯಾಕೋ.

ಮಾರ್ಚ್ 25, ಬುಧವಾರ

ಮೇಲಿನವರ ಹಾಡಿನಿಂದ ತಲೆ ಸಿಡಿಯುತ್ತಿದೆ. ಈಗ ಆರು ಗಂಟೆಗಷ್ಟೇ ಅಲ್ಲ, ಮಧ್ಯಾಹ್ನ ಊಟದ ಹೊತ್ತಿಗೂ ಹಾಕುತ್ತಾನೆ. ನಡುವೆ ಏನೋ ಬಿದ್ದ ಸದ್ದು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಕಿಟಕಿ ಹಾಕಿಕೊಂಡೆ.

ಮಾರ್ಚ್ 28, ಶನಿವಾರ

ಬೆಳಿಗ್ಗೆ ಬುಟ್ಟಿ ನನ್ನ ಕಿಟಕಿಯ ಮುಂದೆಯೇ ನಿಂತಿತು. ಒಳಗೆ ತುಂಬಿದ ಪತ್ರ. ಡೊನಾಟಾ ತಿದ್ದಿಸಿಕೊಳ್ಳಲು ಕಳಿಸಿದ್ದಾಳೆ ಎಂದು ಖುಷಿಯಾಯಿತು. ಕನ್ನಡಕ ಹಾಕಿಕೊಂಡು ನೋಡಿದರೆ ಅಯ್ಯೋ ದೇವರೇ. "ಅಗತ್ಯ"ಕ್ಕೆ ಗುರುತು ಹಾಕಿದ್ದಾಳೆ. ಎಲ್ಲಿಗೆ: ಮಸ್ಸಾಫ್ರಾದಲ್ಲಿರುವ ಅಕ್ಕನ ಮನೆಗೆ. ಕಾರಣ: "ಮನೆಯಲ್ಲಿ ಇರಲು ಆಗುತ್ತಿಲ್ಲ."

ಯಾರಿಗೆ ಆಗುತ್ತಿದೆ? ನನಗೆ ಆಗುತ್ತಿದೆಯೇ? ಊರಿನ ಗಡಿ ದಾಟುವಂತಿಲ್ಲ, ಅಕ್ಕತಂಗಿಯರನ್ನು ನೋಡುವುದು ಅಗತ್ಯವಲ್ಲ, ಟೀವಿಯಲ್ಲಿ ಬಾಯಿ ಬಡಿದುಕೊಂಡು ಹೇಳುತ್ತಿದ್ದಾರೆ. ಮೊನ್ನೆಯಿಂದ ನಾನೂರು ಯೂರೋ ದಂಡ ಬೇರೆ. ಅವಳ ಒಳ್ಳೆಯದಕ್ಕೇ ಆ ಸಾಲಿನ ಮೇಲೆ ಗೆರೆ ಎಳೆದು ಕೆಂಪಿನಲ್ಲಿ ಬರೆದೆ: "ಇದು ಕಾರಣವಲ್ಲ. ನಿಖರವಾಗಿ ಬರೆಯಿರಿ. ಮನೆಯಲ್ಲೇ ಇರಿ." ಬುಟ್ಟಿಗೆ ಹಾಕಿ ಹಗ್ಗವನ್ನು ಎರಡು ಸಲ ಜಗ್ಗಿದೆ.

ಒಂದೇ ಎಳೆತಕ್ಕೆ ಬುಟ್ಟಿ ಸರ್ರನೆ ಮೇಲೆ ಹೋಯಿತು. ತಿದ್ದಿದ್ದಕ್ಕೆ ಸಿಟ್ಟು ಬಂದಿರಬೇಕು. ಬರಲಿ. ಕಲಿಯುವುದೆಂದರೆ ಹಾಗೆಯೇ.

ಮಾರ್ಚ್ 30, ಸೋಮವಾರ

ನಿನ್ನೆಯೂ ಇವತ್ತೂ ಬುಟ್ಟಿ ಇಳಿಯಲಿಲ್ಲ. ಕತಾಲ್ದೊ ತಾನೇ ಇಳಿದು ರೊಟ್ಟಿ ತಂದ, ಸಿಳ್ಳೆ ಹಾಕುತ್ತ. ಕೈಯಲ್ಲಿ ಒಂದು ತಪ್ಪೂ ಇಲ್ಲದ ಪತ್ರ. ಮೆಟ್ಟಿಲಲ್ಲಿ ದೂರ ನಿಂತು ಮಾತಾಡಿಸಿದ: ಡೊನಾಟಾಗೆ ಸ್ವಲ್ಪ ಮೈ ಬಿಸಿಯಂತೆ, ಮಲಗಿದ್ದಾಳಂತೆ.

ಕಟ್ಟಡದೊಳಗೇ ಬಂದುಬಿಟ್ಟಿತೇ? ಆ ಬುಟ್ಟಿಯನ್ನು ಮುಟ್ಟಿದ್ದೆ, ಆ ಪತ್ರವನ್ನು ಮುಟ್ಟಿದ್ದೆ. ಕಿಟಕಿಯ ಕಟ್ಟೆಯನ್ನು ಮೂರು ಸಲ ಬ್ಲೀಚ್ ಹಾಕಿ ಉಜ್ಜಿದೆ. ಕೈ ಉರಿಯುತ್ತಿದೆ. ಬಾಯಿಗೆ ರುಚಿ ಗೊತ್ತಾಗುತ್ತಿದೆಯೇ ಎಂದು ಗಳಿಗೆಗೊಮ್ಮೆ ಆಲಿವ್ ತಿಂದು ನೋಡುತ್ತಿದ್ದೇನೆ.

ಏಪ್ರಿಲ್ 2, ಗುರುವಾರ

ರುಚಿ ಗೊತ್ತಾಗುತ್ತಿದೆ. ಕೊನೆಯ ಕಾಲಂ ಇಡೀ ವಾರ ಸೊನ್ನೆ.

ಏಪ್ರಿಲ್ 6, ಸೋಮವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಬೆಳಿಗ್ಗೆ ವಾರದ ಹಾಳೆ ಮುಗಿಸಿ ಎಜಿದಿಯೊಗೆ ತೋರಿಸಿದೆ. ಅವನು ಈ ವಾರವೆಲ್ಲ ರಸ್ತೆಯಲ್ಲಿ ನಿಂತು ಜನರ ಪತ್ರ ನೋಡಿ ಬಂದವನು, ಮುಖ ಬಾಡಿಹೋಗಿತ್ತು. ಕೊನೆಯ ಸೊನ್ನೆಯ ಮೇಲೆ ಬೆರಳಿಟ್ಟ.

"ಸೊನ್ನೆ ರಾಣಿ, ನಂಗೊಂದು ಹೇಳಿ. ಗಂಡ ಹೊಡೆದ ಅಂತ ದೂರು ಕೊಡೋಕೆ ಒಬ್ಳು ಇಲ್ಲಿಗೆ ಬರ್ಬೇಕು ಅಂದ್ಕೊಳ್ಳಿ. ಗಂಡ ಬೆಳಗಿಂದ ಬೈಗಿನವರೆಗೆ ಎದುರಿಗೇ ಕೂತಿರ್ತಾನೆ. ಅವಳು ಪತ್ರದಲ್ಲಿ ಏನಂತ ಬರ್ಕೊಂಡು ಬಾಗಿಲು ದಾಟ್ತಾಳೆ?"

ತಮಾಷೆಗೆ ಕೇಳಿದನೋ ನಿಜಕ್ಕೋ ಗೊತ್ತಿಲ್ಲ. ನಾನು ಅಧಿಕಾರದ ದನಿಯಲ್ಲಿ, ಅದಕ್ಕೆ "ಅಗತ್ಯ" ಎಂಬುದು ಇದೆಯಲ್ಲ ಎಂದೆ. ಹೇಳಿದ್ದೇ ತಡ, "ಅಗತ್ಯ"ದ ಪಕ್ಕ ಡೊನಾಟಾ ಹಾಕಿದ್ದ ಗುರುತು ಕಣ್ಣಿಗೆ ಕಟ್ಟಿತು. ಆಮೇಲೆ ಬುಟ್ಟಿ. ಎರಡೆಳೆತಕ್ಕೊಮ್ಮೆ ನಿಲ್ಲಿಸುವವಳ ಬುಟ್ಟಿ ಒಂದೇ ಎಳೆತಕ್ಕೆ ಮೇಲೆ ಹೋಗಿತ್ತು. ಅದು ಅವಳ ಕೈಯಾಗಿರಲಿಲ್ಲ. ನನಗೆ ಅವತ್ತೇ ಗೊತ್ತಾಗಿತ್ತು. ಗೊತ್ತಾಗಿಯೂ ಸಿಟ್ಟು ಎಂದು ಬರೆದುಕೊಂಡೆ.

ತಲೆನೋವೆಂದು ಹೇಳಿ ಮನೆಗೆ ಬಂದೆ. ನೇರ ನಾಲ್ಕನೇ ಮಹಡಿ ಹತ್ತಿದೆ. ಮೂವತ್ತು ವರ್ಷದಿಂದ ಈ ಕಟ್ಟಡದಲ್ಲಿದ್ದೇನೆ, ಆ ಮಹಡಿಗೆ ಹೋದದ್ದು ಎರಡನೇ ಸಲ. ಪತ್ರದ ನಮೂನೆ ಮತ್ತೆ ಬದಲಾಗಿದೆ, ಹೊಸದು ತಂದಿದ್ದೇನೆ ಎಂದು ನೆಪ ಹೇಳಿದೆ. ಕತಾಲ್ದೊ ಸರಪಳಿ ಬಿಡಿಸದೆ ಬಾಗಿಲನ್ನು ಒಂದು ಗೇಣು ತೆರೆದ. ಗಡ್ಡ ನೀಟಾಗಿ ಹೆರೆದಿದ್ದ, ಸುಗಂಧ ಹಚ್ಚಿಕೊಂಡಿದ್ದ. ಡೊನಾಟಾ ಮಲಗಿದ್ದಾಳೆ ಎಂದ. ಒಂದು ಸಲ ಮಾತಾಡಿಸಿ ಹೋಗುತ್ತೇನೆ ಎಂದೆ. ಸೋಂಕು ಸಿನ್ಯೋರಾ, ನಿಮ್ಮ ವಯಸ್ಸಿಗೆ ಒಳ್ಳೆಯದಲ್ಲ ಎಂದ. ನಗುತ್ತಲೇ ಇದ್ದ.

ಆ ಸಂದಿಯಲ್ಲಿ ಅವರ ಅಡುಗೆಮನೆಯ ಗೋಡೆ ಕಾಣುತ್ತಿತ್ತು. ಗೋಡೆಗೆ ಕಾಗದವೊಂದನ್ನು ಅಂಟಿಸಿದ್ದರು. ಇಷ್ಟು ದೂರಕ್ಕೂ ಕೆಂಪು ಅಕ್ಷರ ನನ್ನದೇ ಎಂದು ಗೊತ್ತಾಯಿತು.

ಅವನೂ ತಿರುಗಿ ನೋಡಿದ. "ನಿಮ್ಮ ಅಕ್ಷರ ಎಷ್ಟು ಚೆಂದ ಸಿನ್ಯೋರಾ. 'ಇದು ಕಾರಣವಲ್ಲ, ಮನೆಯಲ್ಲೇ ಇರಿ.' ನಾನೂ ಅವಳಿಗೆ ಅದನ್ನೇ ಹೇಳ್ತಿದ್ದೆ. ನನ್ನ ಮಾತು ಕೇಳ್ಲಿಲ್ಲ. ಪೊಲೀಸ್ನೋರೇ ಬರ್ಕೊಟ್ಟ ಮೇಲೆ ಕೇಳಿದ್ಲು ನೋಡಿ."

ಮೆಟ್ಟಿಲು ಇಳಿದದ್ದು ನೆನಪಿಲ್ಲ. ಮೂರನೇ ಮಹಡಿಯ ಖಾಲಿ ಮನೆಯ ಮುಂದೆ ಕೂತು ಎಜಿದಿಯೊಗೆ ಫೋನ್ ಮಾಡಿದೆ. ದೂರು ಯಾರದು ಎಂದು ಕೇಳಿದ, ಅದು ಕೇಳಲೇಬೇಕಾದದ್ದು. ನನ್ನದು ಎಂದೆ. ನೀವೇನು ನೋಡಿದಿರಿ ಎಂದ. ಏನೂ ನೋಡಿಲ್ಲ, ಒಂಬತ್ತು ದಿನದಿಂದ ನೋಡದೆ ಕೂತಿದ್ದೇನೆ, ಅದನ್ನೇ ಬರೆದುಕೋ ಎಂದೆ. ಅವನು ಮತ್ತೇನೂ ಕೇಳದೆ ಫೋನಿಟ್ಟ.

ಮುಕ್ಕಾಲು ಗಂಟೆಯೊಳಗೆ ಇಬ್ಬರನ್ನು ಕರೆದುಕೊಂಡು ಬಂದ. ಬೀದಿಯವರೆಲ್ಲ ಬಾಲ್ಕನಿಗೆ ಬಂದರು. ಮೇಲೆ ಜೋರು ಮಾತು ಸ್ವಲ್ಪ ಹೊತ್ತು ನಡೆಯಿತು, ಆಮೇಲೆ ಸರಪಳಿ ಬಿಡಿಸಿದ ಸದ್ದು.

ಡೊನಾಟಾ ಇಳಿದು ಬಂದಳು. ಬಲ ಮಣಿಕಟ್ಟು ಬದನೆಕಾಯಿಯಂತೆ ಊದಿ ಕಪ್ಪಾಗಿತ್ತು, ಸ್ಕಾರ್ಫಿನಲ್ಲಿ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದಳು. ಹಗ್ಗ ಎಳೆಯುವ ಕೈ. ಮೂಳೆ ಮುರಿದು ಒಂಬತ್ತು ದಿನವಾಗಿದೆ. ಮುಖದ ಒಂದು ಬದಿ ಹಳದಿಯಾಗಿತ್ತು. ನಾನು ಗೋಡೆಗೆ ಒತ್ತಿ ನಿಂತೆ. ಆಕೆ ನನ್ನ ಮುಂದೆ ನಿಂತಳು. ಉಗಿದರೆ ಉಗಿಯಲಿ ಎಂದು ಕಣ್ಣು ಮುಚ್ಚಿಕೊಂಡೆ.

"ಬೇಜಾರು ಮಾಡ್ಕೋಬೇಡಿ ಸಿನ್ಯೋರಾ" ಅಂದಳು. "ನಂಗೆ ಸರಿಯಾಗಿ ಬರೆಯೋಕೆ ಬರ್ಲಿಲ್ಲ."

ಏಪ್ರಿಲ್ 7, ಮಂಗಳವಾರ

ನನ್ನ ಹೇಳಿಕೆ ಪಡೆದರು. ಎಜಿದಿಯೊ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮೇಜಿನ ಮೇಲೆ ಸರಿಸಿದ. ಕೆಂಪಿನಲ್ಲಿ ಬರೆದದ್ದು ಯಾರ ಕೈಬರಹ ಎಂದು ಕೇಳಬೇಕಾಗಿತ್ತು, ಕೇಳಿದ. ನನ್ನದು ಎಂದೆ. ಸಹಿ ಮಾಡಿಸಿಕೊಂಡ. ಸೊನ್ನೆ ರಾಣಿ ಎಂದು ಕರೆಯಲಿಲ್ಲ.

ಕೊನೆಯ ಕಾಲಮ್ಮಿನಲ್ಲಿ ಒಂದು ಎಂದು ಬರೆದೆ. ಸಾಹೇಬರು ನೋಡಿ, ಹೋದ ವರ್ಷಕ್ಕೆ ಹೋಲಿಸಿದರೆ ಈಗಲೂ ಇಳಿಕೆಯೇ, ಆ ಶಾಂತಿಯ ಸಾಲನ್ನು ಹಾಗೇ ಇಡೋಣ ಎಂದರು. ನಾನು ಬರೆಯಲಾರೆ ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ಎದುರಾಡಿದ್ದು ಇದೇ ಮೊದಲಂತೆ. ಅವರೇ ಹೇಳಿದರು.

ಏಪ್ರಿಲ್ 12, ಈಸ್ಟರ್

ಕುರಿಮಾಂಸ ತಂದಿಟ್ಟಿದ್ದೆ. ಮಾಡಲಿಲ್ಲ.

ಡೊನಾಟಾಗೆ ಆಸ್ಪತ್ರೆಯಲ್ಲಿ ಮೂಳೆಗೆ ತಂತಿ ಹಾಕಿದ್ದಾರೆ, ಈಗ ಅಕ್ಕನ ಮನೆಗೆ ಕಳಿಸಿದ್ದಾರೆ ಎಂದು ಎಜಿದಿಯೊ ಫೋನಿನಲ್ಲಿ ಹೇಳಿದ. ಕೈ ಮೊದಲಿನಂತೆ ಆಗುವುದಿಲ್ಲವಂತೆ. ಕತಾಲ್ದೊ ಅವಳ ಹತ್ತಿರ ಸುಳಿಯುವಂತಿಲ್ಲ ಎಂದು ನ್ಯಾಯಾಧೀಶರು ಹೇಳಿದ್ದಾರೆ, ತಾಯಿಯ ಮನೆಯಲ್ಲಿದ್ದಾನೆ.

ಬೀದಿಗೆ ನನ್ನ ಮೇಲೆ ಮುನಿಸು. ಕತಾಲ್ದೊ ಇಲ್ಲದೆ ಸಂಜೆಗಳು ಸಪ್ಪೆಯಾಗಿವೆ, ಅವರವರ ಮನೆಯ ವಿಷಯಕ್ಕೆ ಇವಳು ಯಾಕೆ ತಲೆ ಹಾಕಬೇಕಿತ್ತು ಎಂದು ಎದುರಿನ ಬಾಲ್ಕನಿಯವಳು ನನಗೆ ಕೇಳುವಂತೆಯೇ ಹೇಳಿದಳು. "ಗಂಡ ಹೆಂಡಿರ ಜಗಳ" ಎಂದು ಶುರುಮಾಡಿದಳು. ಉಳಿದದ್ದು ನನಗೆ ಬಾಯಿಪಾಠ. ಹದಿನೆಂಟು ದಿನದ ಹಿಂದೆ ನಾನೇ ಈ ಪುಸ್ತಕದಲ್ಲಿ ಬರೆದಿದ್ದೇನೆ.

ಒಂದನೇ ಮಹಡಿಯ ಅಜ್ಜ ಪತ್ರ ತಿದ್ದಿಸಲು ಬಂದ. ಪೆನ್ಸಿಲ್ ಸಿಗುತ್ತಿಲ್ಲ ಎಂದೆ. ಅದು ಡಬ್ಬಿಯಲ್ಲೇ ಇದೆ.

ಏಪ್ರಿಲ್ 21, ಮಂಗಳವಾರ

ಬೆಳಿಗ್ಗೆ ಕಿಟಕಿಯ ಹತ್ತಿರ ಕಾಫಿ ಹಿಡಿದು ನಿಲ್ಲುತ್ತೇನೆ, ಏನೂ ಹಾಯುವುದಿಲ್ಲ. ಚಳಿ ಇದೆ, ಕಿಟಕಿ ಹಾಕುವುದಕ್ಕೆ ಮನಸ್ಸು ಬರುವುದಿಲ್ಲ. ಮನೆಯಲ್ಲಿದ್ದಷ್ಟು ಹೊತ್ತೂ ಮುಂಬಾಗಿಲನ್ನೂ ಓರೆ ಮಾಡಿಯೇ ಇಟ್ಟಿರುತ್ತೇನೆ. ಗಾಳಿ ಆಡಬೇಕು ಎಂದು ಡಾಕ್ಟರರು ಹೇಳುತ್ತಾರಲ್ಲ.

ಮೇ 4, ಸೋಮವಾರ

ಇವತ್ತಿನಿಂದ ನಿಯಮ ಸಡಿಲ. ಠಾಣೆಗೆ ಬಂದ ಸುತ್ತೋಲೆಯನ್ನು ನಿಂತೇ ಓದಿದೆ. ಬಂಧುಗಳನ್ನು ನೋಡಲು ಹೋಗುವುದು ಇನ್ನು ಮುಂದೆ ಅಗತ್ಯವೇ. ಊರಿನ ಗಡಿ ದಾಟಿದರೂ ಸರಿ. ಅಕ್ಕನ ಮನೆಗೂ ಸರಿ. ನಾನು ಕೆಂಪು ಗೆರೆ ಎಳೆದು ಮೂವತ್ತೇಳು ದಿನವಾಗಿತ್ತು.

ಮಧ್ಯಾಹ್ನ ರಜೆ ಹಾಕಿ ನನ್ನ ಹಳೆಯ ಕಾರು ತೆಗೆದೆ. ಮಸ್ಸಾಫ್ರಾಕ್ಕೆ ಇಪ್ಪತ್ತು ನಿಮಿಷದ ದಾರಿ. ಪಕ್ಕದ ಸೀಟಿನಲ್ಲಿ ತುಂಬಿದ ಪತ್ರ. ಎರಡು ತಿಂಗಳು ಊರಿಗೆಲ್ಲ ಪತ್ರ ತಿದ್ದಿದವಳು ನನ್ನದನ್ನು ತುಂಬಲು ಒಂದು ಗಂಟೆ ತಗೊಂಡಿದ್ದೆ. ನಾಲ್ಕು ಹಾಳೆ ಹರಿದೆ.

ಊರಾಚೆಯ ವೃತ್ತದಲ್ಲಿ ತಡೆದರು. ಬೇರೆ ಊರಿನಿಂದ ಬಂದ ನರೆ ಮೀಸೆಯ ಪೊಲೀಸ್, ನನ್ನ ಪರಿಚಯ ಅವನಿಗಿಲ್ಲ. ನಾನೂ ಠಾಣೆಯ ಗುರುತುಚೀಟಿ ತೋರಿಸಲಿಲ್ಲ. ಪತ್ರವನ್ನು ದೂರ ಹಿಡಿದು ಓದಿದ. ಎಲ್ಲಿಂದ, ಎಲ್ಲಿಗೆ ಎಲ್ಲ ಸರಿಯಿತ್ತು. ಆಮೇಲೆ ಕೊನೆಯ ಸಾಲಿಗೆ ಬಂದು ನನ್ನ ಮುಖ ನೋಡಿದ. ಅಲ್ಲಿ "ಕ್ಷಮೆ ಕೇಳಬೇಕಾಗಿದೆ" ಎಂದಿತ್ತು.

ಆಕೆ ನಿಮ್ಮ ಬಂಧುವೇ ಎಂದು ಕೇಳಿದ. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅಲ್ಲ ಎಂದೆ. ನೆರೆಮನೆಯವಳು ಎಂದೆ. ನೆರೆಯವರನ್ನೂ ಸ್ನೇಹಿತರನ್ನೂ ನೋಡಲು ಇನ್ನೂ ಅನುಮತಿ ಇಲ್ಲ, ಅದು ನನಗೂ ಗೊತ್ತು. ಕೆಟ್ಟವನಲ್ಲ, ಪತ್ರವನ್ನು ಮಡಿಸಿ ಮೆತ್ತಗೆ ನನ್ನ ಕೈಗೆ ಕೊಟ್ಟ.

"ಇದು ಕಾರಣ ಅಲ್ಲ ಸಿನ್ಯೋರಾ. ವಾಪಸ್ಸು ಮನೆಗೆ ಹೋಗಿ."

ಕಾರು ತಿರುಗಿಸಿದೆ. ಮೆಟ್ಟಿಲು ಹತ್ತಿ ನನ್ನ ಬಾಗಿಲ ಮುಂದೆ ಬಂದಾಗ ಕೀಲಿ ಹಾಕಲು ಮನಸ್ಸಾಗಲಿಲ್ಲ. ಯಾಕೆಂದು ಗೊತ್ತಾಗದೆ ಸ್ವಲ್ಪ ಹೊತ್ತು ಅಲ್ಲೇ ನಿಂತು ಕಿವಿಗೊಟ್ಟೆ. ಒಳಗೆ ಯಾರೂ ಇರಲಿಲ್ಲ. ಡೊನಾಟಾಗೆ ಇದ್ದ ಹಾಗೆ ನನಗಾಗಿ ಯಾರೂ ಕಾಯುತ್ತಿರಲಿಲ್ಲ. ಬಾಗಿಲು ತೆಗೆದು ಒಳಗೆ ಹೋದೆ.